ಸೈಬರ್ ಕೆಫೆಯಲ್ಲಿ ನಾಯಕಿ

ಸರಕಾರಿ ಕಚೇರಿಗೆ ಗುಮಾಸ್ತೆಯಾಗಿ ಸೇರಿದವಳು ಒಂದೊಂದೇ ಮೆಟ್ಟಿಲು ಹತ್ತಿ ಸೂಪರಿಂಟೆಂಡೆಂಟ್ ಆಗುತ್ತಾಳೆ. ನಾಂಪಲ್ಲಿಯ ನಮ್ಮ ಕಚೇರಿಯಲ್ಲಿ ನನಗೂ ಹಾಗೇ ಆಯಿತು. ರಂಗದ ಮೇಲೆ ಮಾತ್ರ ಡಬಲ್ ಪ್ರಮೋಷನ್ ಸಿಕ್ಕಿತು. ಹೈದರಾಬಾದಿನ ನಮ್ಮ ಕನ್ನಡ ಮಂಡಳಿ ವರ್ಷಕ್ಕೊಂದು ಸಂಗೀತ ನಾಟಕ ಆಡುತ್ತಿತ್ತು. ಮದುವೆಗೆ ಮುಂಚೆ ಅದರಲ್ಲಿ ನಾಯಕಿಯ ಸಖಿಯಾಗಿದ್ದೆ. ಮದುವೆಯಾಗಿ ಮಗಳು ಹುಟ್ಟಿದ್ದೇ ತಡ, ಸೀದಾ ನಾಯಕನ ತಾಯಿಯಾದೆ. ನಡುವಿನ ನಾಯಕಿ ಎಂಬ ಹುದ್ದೆಯನ್ನು ಹಾರಿಸಿಯೇ ಬಿಟ್ಟರು. ರಂಗದ ಮೇಲಿನ ನನ್ನ ಮೊದಲ ಮಗ ನನಗಿಂತ ಆರು ವರ್ಷ ದೊಡ್ಡವನು. ಬೋಳುತಲೆಗೆ ವಿಗ್ ಏರಿಸಿಕೊಂಡು ‘ಅಮ್ಮಾ’ ಎಂದು ಆತ ಮಡಿಲಿಗೆ ಬಿದ್ದರೆ ನನ್ನ ಮಂಡಿ ಎರಡು ದಿನ ನೋಯುತ್ತಿತ್ತು.

ನನ್ನ ಯಜಮಾನರು ಅದೇ ಮಂಡಳಿಯ ಹಾರ್ಮೋನಿಯಂ ಮಾಸ್ತರರು. ಅವರು ಮನೆಯಲ್ಲಿ ನಾಯಕಿಯರಿಗೆ ಹಾಡು ಕಲಿಸುವಾಗ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೀಗೆ ಇಪ್ಪತ್ತು ವರ್ಷದ ಎಲ್ಲ ನಾಯಕಿಯರ ಹಾಡುಗಳೂ ನನಗೆ ಬಾಯಿಪಾಠ. ಹಾಡಬೇಕೆಂಬ ಆಸೆಯೂ ಇತ್ತು. ಭಾಳ ಇತ್ತು. ಹೇಳಿಕೊಳ್ಳಲು ನಾಚಿಕೆಯಾಗಿ ರೊಟ್ಟಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಊರಿಗೆ ಸಾಫ್ಟ್‌ವೇರ್ ಕಂಪನಿಗಳು ಬಂದವು. ಮಾಧಾಪುರದ ಕಡೆಯಿಂದ ಕನ್ನಡದ ಹುಡುಗರು ಮೋಟಾರ್ ಸೈಕಲ್ ಮೇಲೆ ಮಂಡಳಿಗೆ ಬರತೊಡಗಿದರು. ಆ ವರ್ಷ ಮೈಸೂರಿನ ಒಬ್ಬ ಹುಡುಗ ನಾಯಕ, ಅವನದೇ ಕಂಪನಿಯ ಹುಡುಗಿ ನಾಯಕಿ, ನಾನು ಯಥಾಪ್ರಕಾರ ತಾಯಿ. ನಾಟಕಕ್ಕೆ ಒಂದೂವರೆ ತಿಂಗಳಿರುವಾಗ ಹುಡುಗಿಗೆ ಪುಣೆಯಲ್ಲಿ ಹೆಚ್ಚಿನ ಸಂಬಳದ ಕೆಲಸ ಸಿಕ್ಕಿ ಹೊರಟುಹೋದಳು. ಹಾಲ್ ಗೊತ್ತುಮಾಡಿಯಾಗಿತ್ತು, ಪಾಸು ಹಂಚಿಯಾಗಿತ್ತು. ಬೇರೆ ಗತಿಯಿಲ್ಲದೆ ಮಂಡಳಿಯ ಸೆಕ್ರೆಟರಿ ನಮ್ಮ ಮನೆಗೆ ಬಂದರು.

“ಈ ಒಂದು ಸಲ ನೀವ ಮಾಡ್ರಿ ಅಕ್ಕಾವರ. ಜನ ಎದ್ದು ಹೋದ್ರ ಮಾತ್ರ ಮುಂದ ನಾಯಕಿ ಪಾರ್ಟು ಕೇಳಬ್ಯಾಡ್ರಿ” ಎಂದರು.

ನನಗಾಗ ನಲವತ್ತೇಳು. ಜನ ಎದ್ದು ಹೋದರೆ ಸಾಯುವತನಕ ತಾಯಿಯೇ ಎಂದು ಅರ್ಥವಾಯಿತು. ಒಪ್ಪಿಕೊಂಡೆ. ಒಪ್ಪಿದ ವಾರವೇ ನಾಯಕನನ್ನು ಕಂಪನಿಯವರು ಒಂದು ತಿಂಗಳ ಮಟ್ಟಿಗೆ ಲಂಡನ್ನಿಗೆ ಕಳಿಸಿದರು. ದರಿದ್ರ ಹೋದಲ್ಲಿ ಬರಗಾಲ ಎನ್ನುವುದು ಸುಳ್ಳಲ್ಲ.

ದಾರಿ ಹುಡುಕಿದವರು ಯಜಮಾನರು. ಅಬಿಡ್ಸ್‌ನ ಒಂದು ಸೈಬರ್ ಕೆಫೆಗೆ ಸಂಜೆ ಹೊತ್ತು ಹಾರ್ಮೋನಿಯಂ ಸಮೇತ ಆಟೋದಲ್ಲಿ ಹೋಗುವುದು, ಇಂಟರ್ನೆಟ್ ಫೋನಿನಲ್ಲಿ ತಾಲೀಮು ನಡೆಸುವುದು. ಅಲ್ಲಿ ಪ್ಲೈವುಡ್ಡಿನ ಗೂಡು. ಅದರೊಳಗೆ ನಾನು, ಯಜಮಾನರು, ಅವರ ಹಾರ್ಮೋನಿಯಂ ಪೆಟ್ಟಿಗೆ. ಅತ್ತ ಲಂಡನ್ನಿನಲ್ಲಿ ಹುಡುಗ ಊಟದ ಬಿಡುವಿನಲ್ಲಿ ಮೀಟಿಂಗ್ ಕೋಣೆಯ ಬಾಗಿಲು ಹಾಕಿಕೊಂಡು, ಟೈ ಸಡಿಲಿಸಿ ಪ್ರೇಮಗೀತೆ ಹಾಡುತ್ತಿದ್ದ. ನಡುನಡುವೆ “ಮೇಡಂ, ಕ್ಲೈಂಟ್ ಬಂದ್ರು” ಎಂದು ಮಾಯವಾಗುತ್ತಿದ್ದ. ಪರದೆಯ ಮೇಲೆ ಅವನ ಬಾಯಿ ತೆರೆದ ಚಿತ್ರ ಹಾಗೇ ನಿಂತಿರುತ್ತಿತ್ತು. ನಾನು ಪಕ್ಕದ ಗೂಡಿನ ರೈಲ್ವೆ ಟಿಕೆಟ್ಟಿನ ಗಿರಾಕಿಗಳಿಗೆ ಕೇಳುವಂತೆ ವಿರಹದಲ್ಲಿ ಬೇಯುತ್ತಿದ್ದೆ. ಕೆಫೆಯ ಸಾಹೇಬರು ಮೊದಲ ದಿನ “ಅಮ್ಮಾ, ಜರಾ ಆಹಿಸ್ತಾ” ಎಂದು ಮೆಲ್ಲಗೆ ಹಾಡಲು ಬೇಡಿಕೊಂಡರು. ನಾಲ್ಕನೆಯ ದಿನದಿಂದ ತಾವೇ ಚಹಾ ತರಿಸಿ, ನಾಟಕದ ಆ ಇಬ್ಬರ ಮದುವೆಯಾಯಿತೇ ಎಂದು ವಿಚಾರಿಸತೊಡಗಿದರು. ನಾನು ಕಟ್ಟಿಕೊಂಡ ಗಂಡನ ಎದುರಿಗೇ ಪರದೇಶದಲ್ಲಿದ್ದ ಹುಡುಗನನ್ನು ‘ಪ್ರಾಣೇಶ’ ಎಂದು ಕರೆದರೆ, ಇವರು ತಲೆಯೆತ್ತಿ, “‘ಪ್ರಾ’ದಾಗ ಶ್ರುತಿ ಇಳೀತು ನೋಡು” ಎಂದರು. ಗಂಡನ ಹೊಟ್ಟೆಕಿಚ್ಚು ಕಾಣಲೂ ಪುಣ್ಯ ಮಾಡಿರಬೇಕು.

ಒಂದೇ ತೊಡಕಿತ್ತು. ನಮ್ಮ ಹಾಡು ಪ್ರಶ್ನೆ-ಉತ್ತರದ್ದು. ನನ್ನದೊಂದು ಸಾಲು, ಅವನದೊಂದು ಸಾಲು. ನಾನು ಹಾಡಿದ್ದು ಸಮುದ್ರ ದಾಟಿ ಅವನಿಗೆ ಮುಟ್ಟಬೇಕು, ಅವನದು ಮರಳಿ ಬರಬೇಕು. ನಡುವೆ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಬರೀ ಸೊಂಯ್ ಎನ್ನುವ ಸದ್ದು. ಅವಸರ ಮಾಡಿದರೆ ಇಬ್ಬರ ದನಿಗಳೂ ಡಿಕ್ಕಿ ಹೊಡೆಯುತ್ತಿದ್ದವು. ಆದ್ದರಿಂದ ಹಾಡಿ, ಕಾದು, ಆಮೇಲೆ ಹಾಡುವುದನ್ನು ಇಬ್ಬರೂ ರೂಢಿಸಿಕೊಂಡೆವು. ಪೆಟ್ಟಿಗೆಯ ಸದ್ದು ಗೊಂದಲ ಮಾಡುತ್ತದೆಂದು ಯಜಮಾನರೂ ಅಷ್ಟು ಹೊತ್ತು ಬೆರಳು ಎತ್ತಿ ಹಿಡಿಯುತ್ತಿದ್ದರು.

ಹುಡುಗ ವಿಮಾನ ಇಳಿದದ್ದು ನಾಟಕದ ದಿನ ಬೆಳಿಗ್ಗೆ. ಎದುರುಬದುರು ಒಂದು ಸಲವೂ ಹಾಡದೆ ಬಣ್ಣ ಹಚ್ಚಿಕೊಂಡೆವು. ಮೊದಲ ಹಾಡು ಬಂತು. ನಾನು ನನ್ನ ಸಾಲು ಹಾಡಿದೆ. ಅವನು ರೂಢಿಯಂತೆ ಕಾಯುತ್ತ ನಿಂತ. ನಾನೂ ನಿಂತೆ. ಹಾರ್ಮೋನಿಯಮ್ಮೂ ನಿಂತಿತು. ನಮ್ಮ ಸಂಗೀತ ನಾಟಕದಲ್ಲಿ ಇಂಥ ಖಾಲಿ ಜಾಗ ಬಂದರೆ ಮುಗಿಯಿತು, ಜನ ಭಜಿ ತಿನ್ನಲು ಎದ್ದು ಹೋಗುತ್ತಾರೆ. ಹುಡುಗ ಸಾಲು ಮರೆತನೆಂದುಕೊಂಡ ಸೆಕ್ರೆಟರಿ ಪರದೆಯ ಮರೆಯಿಂದ ಅದನ್ನು ಗಟ್ಟಿಯಾಗಿ ಹೇಳಿಕೊಟ್ಟರು. ಅದು ಹಿಂದಿನ ಕುರ್ಚಿಯವರಿಗೂ ಕೇಳಿಸಿತು. ಆಮೇಲೆ ಹುಡುಗ ಅದನ್ನೇ ಹಾಡಿದ. ಸಭೆ ಘೊಳ್ಳೆಂದಿತು. ಹುಡುಗನ ಮುಖದಲ್ಲಿ ಬೆವರು. ನಾನು ಸೆರಗು ಸರಿಪಡಿಸುವ ನೆಪದಲ್ಲಿ ತಿರುಗಿ ಸೆಕ್ರೆಟರಿಯವರನ್ನು ನೋಡಿದ ನೋಟಕ್ಕೆ ಅವರು ಕಡೆತನಕ ಬಾಯಿ ಬಿಡಲಿಲ್ಲ.

ಬೇಗ ಹಾಡೋಣವೆಂದರೆ ಗಂಟಲು ಕೇಳಬೇಕಲ್ಲ. ಒಂದು ತಿಂಗಳ ರೂಢಿ. ಎರಡನೆಯ ಸಾಲಿಗೂ ಕಾದೆ. ಯಾರು ಮೊದಲು ಏಳುತ್ತಾರೆಂದು ನೋಡಿದೆ.

ಯಾರೂ ಏಳಲಿಲ್ಲ. ನಗು ಅಡಗಿತ್ತು. ಅಷ್ಟೂ ಜನ ಉಸಿರು ಹಿಡಿದು, ಇವಳು ಈಗ ಏನೆಂದಾಳು ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ತಾಯಿಯ ಪಾತ್ರದಲ್ಲಿ ನನ್ನನ್ನು ಯಾರೂ ಹಾಗೆ ನೋಡಿದವರಲ್ಲ. ನಾನು ಅಳುತ್ತಿದ್ದರೂ ಅವರ ಕಣ್ಣು ಮಗ ಬಂದನೇ ಎಂದು ಬಾಗಿಲ ಕಡೆಗೇ ಇರುತ್ತಿತ್ತು. ಆ ಹೊತ್ತು ನನಗಾದ ಸಂತೋಷ ಇನ್ನೂ ನೆನಪಿದೆ. ಮುಂದಿನ ಸಾಲಿಗೆ ಬೇಕೆಂದೇ ಇನ್ನಷ್ಟು ಕಾದೆ. ಯಜಮಾನರು ಬೆರಳು ಎತ್ತಿಯೇ ಹಿಡಿದು ನಕ್ಕರು.

ಜನ ಅದನ್ನು ಹೊಸ ಶೈಲಿ ಎಂದು ಮೆಚ್ಚಿದರು. ಸೆಕ್ರೆಟರಿ ಆ ಶೈಲಿ ತಮ್ಮ ಸಲಹೆಯೆಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಮರುವರ್ಷ ಅವರೇ ಹೊಸ ನಾಟಕ ಹಿಡಿದು ಬಂದರು. ಹೋದ ವರ್ಷದ್ದನ್ನು ಬಾಯಿತುಂಬ ಹೊಗಳಿ, ಚಹಾ ಮುಗಿಸಿ, ಪ್ರತಿ ವರ್ಷವೂ ಹಾಗೆ ಆಗುವುದಿಲ್ಲವೆಂದೂ ತಾಯಿಯ ಪಾತ್ರವನ್ನು ನನಗೆಂದೇ ಬರೆಸಿದ್ದಾರೆಂದೂ ಹೇಳಿದರು. ಆಸೆ ಮುರಿಯಿತು. ಕೋಪವೂ ಬಂತು.

“ಮಾಡತೀನ್ರಿ” ಎಂದೆ. “ಆದ್ರ ಆ ತಾಯಿಗೂ ಒಂದು ಪ್ರೇಮದ ಹಾಡು ಬರಿಸ್ಕೊಂಡು ಬರ್ರಿ. ಅದಿಲ್ದ ಮಗಾ ಎಲ್ಲಿಂದ ಬಂದ?”

ಸೆಕ್ರೆಟರಿ ಕಪ್ಪು ಕೆಳಗಿಟ್ಟು ಯಜಮಾನರ ಮುಖ ನೋಡಿದರು. ಯಜಮಾನರು ಆಗಲೇ ಹಾರ್ಮೋನಿಯಂ ಹತ್ತಿರ ಎಳೆದುಕೊಂಡು, ಯಾವ ರಾಗದಲ್ಲಿ ಬೇಕೆಂದು ನನ್ನನ್ನು ಕೇಳುತ್ತಿದ್ದರು.