ಆಡವಾಳ್ಳು, ಆಡೇವಾಳ್ಳು

ನಾನು ಅಂಜುಬುರುಕಿ. ಇದನ್ನು ಒಪ್ಪಿಕೊಳ್ಳುವುದಕ್ಕೂ ಸ್ವಲ್ಪ ಭಯವೇ. ಹಲ್ಲಿ, ಕುಕ್ಕರಿನ ಸೀಟಿ, ಲಿಫ್ಟಿನಲ್ಲಿ ಸಿಗುವ ಮ್ಯಾನೇಜರು, ಈ ಮೂರರ ಎದುರು ನನ್ನ ಎಂಜಿನಿಯರಿಂಗ್ ಪದವಿ ಯಾವ ಕೆಲಸಕ್ಕೂ ಬಂದಿಲ್ಲ. ನನ್ನಂಥವರಿಗೆಂದೇ ಕನ್ನಡದಲ್ಲಿ ಇಷ್ಟೊಂದು ಪದಗಳಿವೆಯೋ ಏನೋ. ನಾಯಿ ಕಂಡರೆ ಹೆದರಿಕೆ, ಮಾವನವರ ಮುಂದೆ ಅಂಜಿಕೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ದಿಗಿಲು. ಆಫೀಸಿನ ಮೀಟಿಂಗಿನಲ್ಲಿ ಬಾಯಿ ತೆರೆಯುವ ಮುಂಚೆ ಆಗುವುದು ಅಳುಕು. ಉಳಿದವು ಬಂದರೆ ಎದ್ದು ಓಡಬಹುದು. ಅಳುಕು ಬಂದರೆ ಕುರ್ಚಿಯಲ್ಲೇ ಕೂತಿರಬೇಕು.

ಎರಡು ಸಾವಿರನೇ ಇಸವಿಯ ಆಚೀಚಿನ ವರ್ಷಗಳವು. ಹಾಸನದಿಂದ ವಿಶಾಖಪಟ್ಟಣದ ಸಾಫ್ಟ್‌ವೇರ್ ಕಂಪನಿಗೆ ಬಂದು ಎಂವಿಪಿ ಕಾಲೋನಿಯಲ್ಲಿ ಮನೆ ಮಾಡಿದ್ದೆ. ಮೀಟಿಂಗಿನಲ್ಲಿ ಒಂದು ವಾಕ್ಯವನ್ನು ಒಳಗೊಳಗೇ ಜೋಡಿಸಿ, ಅದರ ಇಂಗ್ಲಿಷ್ ತಿದ್ದಿ, ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದ ಸೀಟಿನ ಹುಡುಗ ಅದನ್ನೇ ಹೇಳಿ ಶಹಭಾಸ್ ಎನಿಸಿಕೊಂಡಿರುತ್ತಿದ್ದ. ಒಮ್ಮೆ ಟೆಸ್ಟಿಂಗ್ ವಿಭಾಗದ ಹಿರಿಯರಾದ ಪದ್ಮಜಾ ಗಾರು ನನ್ನನ್ನು ಕರೆದು, "ಶನಿವಾರಂ ಆಡವಾಳ್ಳ ಮೀಟಿಂಗ್, ಮೀರು ರಾವಾಲಿ" ಎಂದರು. ನೀವು ಬರಬೇಕು. ನನ್ನ ಕನ್ನಡದ ಕಿವಿಗೆ ಕೇಳಿಸಿದ್ದು 'ಆಡುವವರ ಮೀಟಿಂಗ್'. ಷಟಲ್ ಇರಬೇಕೆಂದು ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೋದೆ. ಅಲ್ಲಿ ನೋಡಿದರೆ, ಕಂಪನಿಯವರು ಶನಿವಾರಕ್ಕೆಂದು ಬಿಟ್ಟುಕೊಟ್ಟ ಕೋಣೆಯಲ್ಲಿ ಬೇರೆಬೇರೆ ಕಂಪನಿಗಳ ಹೆಂಗಸರು ಟೀ ಕುಡಿಯುತ್ತಾ, ಹೆರಿಗೆ ರಜೆಯಿಂದ ಬಂದವಳ ಪ್ರಾಜೆಕ್ಟ್ ಯಾರ ಪಾಲಾಯಿತೆಂದು ಮಾತಾಡುತ್ತಿದ್ದಾರೆ. ತೆಲುಗಿನಲ್ಲಿ ಆಡವಾಳ್ಳು ಎಂದರೆ ಹೆಂಗಸರು, ಆಡೇವಾಳ್ಳು ಎಂದರೆ ಆಟಗಾರರು. ಒಂದು ಏಕಾರದಲ್ಲಿ ನಾನು ಜಾರಿದ್ದೆ.

ಪ್ರತಿ ಶನಿವಾರ ಆ ಕೋಣೆಯಲ್ಲಿ ನನ್ನ ವಾಕ್ಯಗಳು ಕೊನೆಯವರೆಗೂ ನನ್ನವೇ ಆಗಿರುತ್ತಿದ್ದವು. ತಪ್ಪು ವಾಕ್ಯಗಳು ಕೂಡ.

ಆಮೇಲೆ ತಕರಾರು ಶುರುವಾಯಿತು. ಬಾಗಿಲು ಹಾಕಿಕೊಂಡು ಏನು ಮಾತು, ನಾವೂ ಗಂಡಸರ ಗುಂಪು ಕಟ್ಟೋಣವೇ ಎಂದರು ಆಫೀಸಿನ ಗಂಡಸರು. ಅವರದು ಆಗಲೇ ಇತ್ತು. ಟೀ ಅಂಗಡಿಯ ಮುಂದೆ ಸಿಗರೇಟಿನ ಹೊಗೆಯಲ್ಲಿ ಯಾರಿಗೆ ಯಾವ ಪ್ರಾಜೆಕ್ಟ್ ಎಂದು ತೀರ್ಮಾನವಾಗುತ್ತಿತ್ತು, ಬೋರ್ಡು ಬರೆಸಿರಲಿಲ್ಲ ಅಷ್ಟೆ. ಆದರೆ ಕೆಲವು ಹೆಂಗಸರೂ, ಬೇರೆ ಕೂತರೆ ನಮ್ಮನ್ನು ನಾವೇ ಹೊರಗಿಟ್ಟುಕೊಂಡ ಹಾಗಲ್ಲವೇ ಎಂದು ಕೇಳಿದರು. ಆ ಮಾತನ್ನು ಇಂದಿಗೂ ಸುಳ್ಳೆನ್ನಲಾರೆ. ಕೊನೆಗೆ ಕಂಪನಿಗಳವರು ಸೇರಿ ವಿಜಯವಾಡದಲ್ಲಿ ಒಂದು ಚರ್ಚೆ ಇಟ್ಟರು. ಅದು ಮುಗಿದ ಮೇಲೆ ನಮಗೆ ಕೋಣೆ ಕೊಡುವುದೋ ಬಿಡುವುದೋ ಎಂದು ಹೇಳುತ್ತಾರಂತೆ. ಮಾತಾಡಬೇಕಿದ್ದ ಪದ್ಮಜಾ ಗಾರುಗೆ ಹಿಂದಿನ ದಿನ ಗಂಟಲು ಕಟ್ಟಿತು. "ಮೀರೇ ಮಾಟ್ಲಾಡಾಲಿ", ನೀವೇ ಮಾತಾಡಬೇಕು, ಎಂದು ನನ್ನ ಕೈ ಹಿಡಿದು ಪಿಸುಗುಟ್ಟಿದರು.

ನನ್ನನ್ನು ಟೀಮ್ ಲೀಡ್ ಮಾಡುವ ಬಡ್ತಿಯ ವಿಷಯ ಆಗ ನಮ್ಮ ಮ್ಯಾನೇಜರ ಮೇಜಿನ ಮೇಲಿತ್ತು. ಅವರು ಮುಂದಿನ ಸಾಲಿನಲ್ಲಿ ಕೂರುವವರಿದ್ದರು. ರೈಲು ಗೋದಾವರಿ ದಾಟುವಾಗ ಎಲ್ಲರೂ ಕೈಮುಗಿದು ಏನೇನೋ ಬೇಡಿಕೊಂಡರು. ನನ್ನ ಗಂಟಲೂ ಕಟ್ಟಲಿ ಎಂದು ನಾನು ಬೇಡಿಕೊಂಡೆ. ಕಟ್ಟಲಿಲ್ಲ.

ವೇದಿಕೆಯಲ್ಲಿ ಮೈಕು ನನ್ನ ಕೈಗೆ ಬಂತು. ತೆಲುಗಿನಲ್ಲೇ ಶುರುಮಾಡೋಣವೆಂದು "ಮೇಮು ಆಡೇವಾಳ್ಳಂ" ಅಂದುಬಿಟ್ಟೆ. ನಾವು ಆಟಗಾರರು. ಸಭೆ ನಕ್ಕಿತು. ನಮ್ಮ ಮ್ಯಾನೇಜರು ಕೂತಲ್ಲಿಂದಲೇ, "ಏಂ ಆಡತಾರಮ್ಮಾ?" ಎಂದರು. ಏನು ಆಡುತ್ತೀರಮ್ಮ.

ಓಡಲು ದಾರಿಯಿರಲಿಲ್ಲ. "ಮಾತು ಆಡುತ್ತೇವೆ ಸರ್" ಎಂದು ಬಂದಷ್ಟು ತೆಲುಗಿನಲ್ಲೇ ಅಂದೆ. "ನಮ್ಮ ಕನ್ನಡದಲ್ಲಿ ಮಾತನ್ನೂ ಆಡುವುದೇ. ನಿಮ್ಮ ಮೀಟಿಂಗಿನಲ್ಲಿ ನಮ್ಮ ಸರದಿ ಬರುವುದಿಲ್ಲ. ಅದಕ್ಕೇ ಶನಿವಾರ ಅಭ್ಯಾಸ ಮಾಡುತ್ತೇವೆ." ನಗು ನಿಂತಿತು. ಅದು ನನ್ನನ್ನು ನಗುವಿಗಿಂತ ಹೆಚ್ಚು ಹೆದರಿಸಿತು.

ಕೋಣೆ ಉಳಿಯಿತು. ಟೀಮ್ ಲೀಡ್ ಆದವನು ಪಕ್ಕದ ಸೀಟಿನ ಹುಡುಗ. ನನ್ನ ಭಯವೇನೂ ಬರೀ ಕಲ್ಪನೆಯಲ್ಲ ಎಂದು ಗೊತ್ತಾಗಿ, ವಿಚಿತ್ರವಾದ ಸಮಾಧಾನವೂ ಆಯಿತು.

ಅದಾದ ಮೇಲಿನ ಒಂದು ಮೀಟಿಂಗಿನಲ್ಲಿ ಎಂದಿನಂತೆ ವಾಕ್ಯ ಜೋಡಿಸಿ ಗಂಟಲು ಸರಿಮಾಡಿಕೊಂಡೆ. ಹುಡುಗ ಎಂದಿನಂತೆ ಬಾಯಿ ತೆರೆದ. ಮ್ಯಾನೇಜರು ಅವನತ್ತ ಕೈ ಎತ್ತಿ, "ಆಗು ಬಾಬೂ, ಆವಿಡನಿ ಆಡನಿವ್ವು" ಎಂದರು. ತಡಿ, ಆಕೆ ಆಡಲಿ. ಅದು ಕೀಟಲೆಯೋ ಮರ್ಯಾದೆಯೋ ನನಗೆ ತಿಳಿಯಲಿಲ್ಲ. ಎಲ್ಲರೂ ನನ್ನತ್ತ ತಿರುಗಿದರು, ಅಳುಕು ಬಂದು ಪಕ್ಕದಲ್ಲೇ ಕೂತಿತು, ಜೋಡಿಸಿಟ್ಟ ವಾಕ್ಯವೆಲ್ಲ ಮರೆತುಹೋಯಿತು. ಆದರೆ ಈ ಸಲ ಯಾರೂ ನನ್ನ ಸರದಿಯನ್ನು ಎತ್ತಿಕೊಳ್ಳಲಿಲ್ಲ. ಕಾದರು.