ಅಕ್ಕನ ಮದುವೆಗೆ ಒಂದೇ ರೋಲು

ಅಪ್ಪ ದನದ ದಲಾಲಿ. ತಿಕೋಟಾದಿಂದ ಕನಮಡಿಯ ತನಕ ಯಾರ ಎತ್ತಿಗೆ ಎಷ್ಟು ಹಲ್ಲು ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಹೇಳುತ್ತಾರೆ. ಹೀಗಾಗಿ ಸನ್ನೆಯಲ್ಲಿ ಮುಗಿಯುವ ವ್ಯವಹಾರದ ಮೇಲೆ ಅಪ್ಪನಿಗೆ ಬಹಳ ವಿಶ್ವಾಸ. ಖರ್ಚಿನ ವಿಷಯದಲ್ಲಿ ಅವನ ಕೈ ಸ್ವಲ್ಪ ಬಿಗಿ ಎಂದು ಅವ್ವ ಹೇಳುತ್ತಿದ್ದಳು. ನಾನು ಜಿಪುಣತನ ಎಂದೇ ಕರೆಯುತ್ತೇನೆ. ಈಗ ನನ್ನನ್ನು ಗದರಿಸುವವರು ಯಾರೂ ಉಳಿದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕನ ಮದುವೆ ಬಬಲೇಶ್ವರದ ಮನೆತನಕ್ಕೆ ಗಟ್ಟಿಯಾಗಿತ್ತು. ಸೀರೆಯ ಬಣ್ಣಕ್ಕಾಗಲಿ ಬಂಗಾರಕ್ಕಾಗಲಿ ಅಕ್ಕ ತಕರಾರು ತೆಗೆಯಲಿಲ್ಲ. ಕೇಳಿದ್ದು ಒಂದೇ.

"ಅಪ್ಪಾ, ನನಗ ಅವ್ವನ ಕೂಡ ಒಂದು ಫೋಟೋ ಬೇಕು. ಅಷ್ಟ ಸಾಕು."

ಅವ್ವ ಅಲ್ಲಿಯವರೆಗೆ ಒಂದು ಫೋಟೋದಲ್ಲೂ ನಿಂತವಳಲ್ಲ. ಅಕ್ಕನಿಗೋ ಅವ್ವನ ಮಗ್ಗುಲು ಬಿಟ್ಟು ಒಂದು ರಾತ್ರಿ ಮಲಗಿ ಗೊತ್ತಿರಲಿಲ್ಲ. ಹೊಸ ಮನೆಯಲ್ಲಿ ನೋಡಿಕೊಳ್ಳಲು ಒಂದು ಮುಖ ಬೇಕಿತ್ತು, ಪಾಪ.

ಅಪ್ಪ ಒಪ್ಪಿಕೊಂಡು ವಿಜಾಪುರಕ್ಕೆ ಹೋದ. ಒಂದು ಸ್ಟುಡಿಯೋದಲ್ಲಿ ಫ್ಯಾನಿನ ಕೆಳಗೆ ಆರಾಮಾಗಿ ಕುಳಿತು ಕರಾರು ಮಾಡಿಕೊಂಡು ಬಂದ. ಒಂದೇ ರೋಲು, ಹನ್ನೆರಡೇ ಫೋಟೋ. ಆದರೆ ಬೀಗರ ಕಡೆಯವರು ಸಾಲಾಗಿ ಬಂದು ನಮ್ಮದೊಂದು ಹಿಡಿ ಎಂದರೆ? ಅದಕ್ಕೂ ಉಪಾಯವಿತ್ತು. ಕೇಳಿದವರಿಗೆಲ್ಲ ಫೋಟೋಗ್ರಾಫರ್ ಬರೀ ಫ್ಲ್ಯಾಶ್ ಹೊಡೆಯಬೇಕು, ರೋಲು ಮುಟ್ಟಬಾರದು. ಬೆಳಕು ಬಿತ್ತೆಂದರೆ ಜನಕ್ಕೆ ಸಮಾಧಾನ. ಅಪ್ಪ ತನ್ನ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರೆ ಮಾತ್ರ ಅದು ಖರೇ ಫೋಟೋ.

"ಯಾರಿಗೂ ಗೊತ್ತಾಗೂದಿಲ್ಲ, ಯಾರಿಗೂ ಬ್ಯಾಸರಿಲ್ಲ," ಎಂದು ಅಪ್ಪ ಮನೆಯಲ್ಲಿ ಹೆಮ್ಮೆಯಿಂದ ಹೇಳಿದ.

ಮದುವೆ ಬಿರುಬೇಸಿಗೆಯಲ್ಲಿ. ತಿಕೋಟಾದ ಬಿಸಿಲಿಗೆ ಹಂದರದ ತಗಡು ಕಾದ ಹಂಚಿನಂತಾಗಿತ್ತು. ಅಪ್ಪ ಹಂದರದ ತುಂಬ ಓಡಾಡುತ್ತ ಕುತ್ತಿಗೆಯ ಬೆವರು ಒರೆಸಿಕೊಳ್ಳುವನು, ಟವೆಲನ್ನು ಆ ಹೆಗಲಿಗೆ ಎಸೆಯುವನು. ಮತ್ತೆ ಒರೆಸಿಕೊಳ್ಳುವನು, ಈ ಹೆಗಲಿಗೆ ಎಸೆಯುವನು. ಫೋಟೋಗ್ರಾಫರ್ ಮಾತಿಗೆ ತಪ್ಪದ ಮನುಷ್ಯ. ಅಪ್ಪನ ಹೆಗಲ ಮೇಲೆ ಕಣ್ಣಿಟ್ಟು, ಅಪ್ಪ ಎತ್ತ ಮುಖ ಮಾಡಿರುತ್ತಿದ್ದನೋ ಅತ್ತ ಹಿಡಿಯುತ್ತ ಹೋದ. ಬೀಗರು ಚಕ್ಕಡಿಗೆ ಹೂಡಿಕೊಂಡು ಬಂದಿದ್ದ ಜೋಡಿ ಎತ್ತುಗಳಂತೂ ಬಲು ಚೆಲುವಿದ್ದವು. ಅಪ್ಪ ಅವುಗಳ ಮುಂದೆ ನಿಂತು ರೂಢಿಯ ಮೇಲೆ ಟವೆಲು ಕೆಳಗಿಳಿಸಿ ಅದರೊಳಗೆ ಬೆರಳು ಮಡಚಿ ದರ ಕಟ್ಟಿದ, ಆಮೇಲೆ ಅದನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. ಎತ್ತುಗಳ ಫೋಟೋ ಆಯಿತು.

ಅವ್ವ ದಿನವಿಡೀ ಅಡುಗೆಯ ಕಡೆಯೇ ಇದ್ದಳು. ಹೆಣ್ಣು ಒಪ್ಪಿಸುವ ಹೊತ್ತಿಗೆ ಅಕ್ಕ ತಾನೇ ಒಳಗೆ ಹೋಗಿ ಅವಳ ಕೈ ಹಿಡಿದು ಎಳೆದುಕೊಂಡು ಬಂದಳು. ಇಬ್ಬರೂ ಅಳುತ್ತಿದ್ದರು. ಅಪ್ಪ ಕ್ಯಾಮೆರಾದ ಎದುರಿಗೆ ಬಂದು, ಎಲ್ಲರಿಗೂ ಕಾಣುವಂತೆ, ಟವೆಲು ಬದಲಿಸಿದ. ಬೆಳಕು ಬಿತ್ತು. ಅಕ್ಕ ಕಣ್ಣೊರೆಸಿಕೊಂಡು ಚಕ್ಕಡಿ ಹತ್ತಿದಳು.

ಫೋಟೋ ತರಲು ಅಪ್ಪನ ಜೊತೆ ವಿಜಾಪುರಕ್ಕೆ ನಾನೂ ಹೋಗಿದ್ದೆ. ಫೋಟೋಗ್ರಾಫರ್ ಲಕೋಟೆ ಬಿಚ್ಚಿ ಮೇಜಿನ ಮೇಲೆ ಹರಡಿದ. ತಾಳಿ ಕಟ್ಟುವುದು ಬಂದಿತ್ತು, ಪುಣ್ಯ. ಮಿಕ್ಕಂತೆ ಬೀಗರ ಸೋದರಮಾವ ಬಾಯಿ ತುಂಬ ಮಾದಲಿ ತುಂಬಿಕೊಂಡಿದ್ದು, ಅಡುಗೆಯವನ ಬೆನ್ನು, ಹಂದರದ ಕಂಬ, ಪಂಕ್ತಿಯಲ್ಲಿ ಸಾರಿಗಾಗಿ ಚಾಚಿದ ಕೈಗಳು. ಎತ್ತುಗಳು ಮಾತ್ರ ಎಷ್ಟು ಚೆನ್ನಾಗಿ ಬಂದಿದ್ದವೆಂದರೆ ಮದುವೆ ಅವುಗಳದೇ ಎನ್ನಬೇಕು.

"ತಾಯಿ ಮಗಳದ್ದು ಎಲ್ಲೈತಿ?" ಎಂದ ಅಪ್ಪ.

"ಊಟದ ಹೊತ್ತಿಗೇ ರೋಲ್ ಮುಗದಿತ್ರೀ. ನೀವು ಹೆಗಲ ಬದಲ ಮಾಡಿದಾಗೊಮ್ಮೆ ಹಿಡದೇನಿ."

"ಮತ್ತ ಬೆಳಕ ಯಾಕ ಹೊಡದಿ?"

"ಇಬ್ಬರೂ ಅಳಾಕತ್ತಿದ್ರು. ರೋಲ್ ಮುಗದೈತಿ ಅಂತ ಯಾವ ಬಾಯಿಲೆ ಹೇಳ್ಲಿ?"

ಜೀವನದಲ್ಲಿ ಮೊದಲ ಸಲ ಅಪ್ಪ ಚೌಕಾಶಿ ಮಾಡದೆ ಹಣ ಕೊಟ್ಟ.

ಮನೆಯಲ್ಲಿ ಮಾತ್ರ ಹೇಳುವ ಧೈರ್ಯ ಬರಲಿಲ್ಲ. ಲಕೋಟೆಯನ್ನು ಜೋಳದ ಚೀಲದ ಹಿಂದೆ ಇಟ್ಟ. ಅವ್ವ ಕೇಳಿದಾಗಲೆಲ್ಲ, ಇನ್ನೂ ತೊಳೀತಿದ್ದಾರಂತೆ ಎನ್ನುತ್ತಿದ್ದ. ನನಗೂ ಬಾಯಿ ಬಿಡಬೇಡ ಎಂದು ಕಣ್ಣಲ್ಲೇ ಅಪ್ಪಣೆ. ಪಂಚಮಿಗೆ ಅಕ್ಕ ತವರಿಗೆ ಬಂದವಳು ಚೀಲವನ್ನೂ ಇಳಿಸದೆ ಕೇಳಿದಳು. ಅಪ್ಪ ಇನ್ನು ತಪ್ಪಿಸಿಕೊಳ್ಳಲಾರದೆ ಎಲ್ಲ ಹೇಳಿ, ಕಡೆಗೆ ಎತ್ತುಗಳ ಫೋಟೋ ತೋರಿಸಿ, "ಇದು ಛಂದ ಬಂದೈತಿ ನೋಡು," ಎಂದ. ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಅಕ್ಕ ಜಗಳವಾಡಲಿಲ್ಲ. "ಅಲ್ಲಿ ಸಂಜೀಮುಂದ ಭಾಳ ನೆನಪ ಆಕ್ಕೈತಪಾ," ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳು ಕೂಗಾಡಿದ್ದರೆ ಅಪ್ಪ ಬಚಾವಾಗುತ್ತಿದ್ದ. ಹಬ್ಬಕ್ಕೆಂದು ಮಾಡಿದ ಉಂಡಿ ಆ ದಿನ ಡಬ್ಬಿಯಲ್ಲೇ ಉಳಿದವು.

ಮರುದಿನ ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತು, "ಇಬ್ಬರೂ ಮದಿವಿ ಸೀರಿ ಉಟಗೋರಿ. ವಿಜಾಪುರಕ್ಕ ಹೋಗೂಣು," ಎಂದ.

ಮದುವೆಯ ಸೀರೆ, ದಂಡೆ, ಕೈತುಂಬ ಹಸಿರು ಬಳೆ, ಜೊತೆಗೆ ಬಾಸಿಂಗ ಬೇರೆ. ಬಸ್ಸಿನ ತುಂಬ ನಮ್ಮನ್ನೇ ನೋಡುವವರು. ತೊರವಿ ದಾಟುವಷ್ಟರಲ್ಲಿ ಒಬ್ಬ ಮುದುಕಿಗೆ ತಡೆಯಲಾಗಲಿಲ್ಲ. "ಮದುಮಗ ಎಲ್ಲಿ ಬೇ?" ಎಂದು ಅವ್ವನನ್ನು ಕೇಳಿದಳು. "ಹೊಲಕ್ಕ ಹೋಗ್ಯಾನ್ರಿ," ಎಂದ ಅಪ್ಪ, ಕಿಟಕಿಯ ಕಡೆ ಮುಖ ಮಾಡಿಕೊಂಡು.

ಸ್ಟುಡಿಯೋದಲ್ಲಿ ಹಿಂದೆ ಒಂದು ಕೆರೆ, ಎರಡು ಹಂಸ ಬರೆದ ಪರದೆ. ಅವ್ವ, ಅಕ್ಕ ಕೋಲು ನುಂಗಿದವರ ಹಾಗೆ ನಿಂತರು. ಫೋಟೋಗ್ರಾಫರ್‌ಗೆ ತೃಪ್ತಿಯಾಗಲಿಲ್ಲ.

"ಹೆಣ್ಣ ಒಪ್ಪಸೂ ಫೋಟೋ ಇದು. ಸ್ವಲ್ಪ ಅಳ್ರಲಾ," ಎಂದ.

ಇಬ್ಬರಿಗೂ ಅಳು ಬರಲಿಲ್ಲ. ಹೇಗೆ ಎಂದು ತೋರಿಸಲು ಅವನೇ ತುಟಿ ಸೊಟ್ಟಗೆ ಮಾಡಿ, ಕಣ್ಣು ಒರೆಸಿಕೊಳ್ಳುತ್ತ, "ಹೋಗಿ ಬರ್ತೀನಬೇ ಯವ್ವಾ," ಎಂದು ರಾಗ ತೆಗೆದ. ಅಕ್ಕ ಕಿಸಕ್ಕನೆ ನಕ್ಕಳು. ಅವ್ವ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಅಕ್ಕನ ಹೆಗಲಿಗೆ ಒರಗಿ, ಸೆರಗು ಜಾರಿದ್ದನ್ನೂ ಮರೆತು ನಕ್ಕಳು. ಅಷ್ಟರಲ್ಲಿ ಅವನು ಹಿಡಿದುಬಿಟ್ಟಿದ್ದ.

ಆ ಫೋಟೋ ಬಬಲೇಶ್ವರದ ಗೋಡೆಯ ಮೇಲೆ ಕುಳಿತಿತು. ಬಂದವರೆಲ್ಲ ನೋಡಿ ತವರು ಬಿಡುವಾಗ ಇಷ್ಟು ನಗುವ ಹೆಣ್ಣು ಎಂಥದು ಎನ್ನುತ್ತಿದ್ದರಂತೆ. ಅಕ್ಕನ ಅತ್ತೆ, "ನಮ್ಮ ಮನೀಗಿ ಬರಾಕ ಅಷ್ಟ ಖುಷಿ ಆಗಿತ್ತ್ರೀ," ಎಂದು ತಾವೇ ಬೀಗುತ್ತಿದ್ದರು.

ಬಹಳ ವರ್ಷಗಳ ನಂತರ ಅವ್ವ ತೀರಿಕೊಂಡಾಗ ಪೂಜೆಗೆ ಇಡಲು ಅವಳ ಫೋಟೋ ಬೇಕಾಯಿತು. ಹುಡುಕಿದರೆ ಇದ್ದದ್ದು ಅಕ್ಕನ ಮನೆಯ ಅದೊಂದೇ, ಅದನ್ನೇ ಗೋಡೆಯಿಂದ ಇಳಿಸಿ ತಂದಳು. ಅವ್ವನನ್ನು ಬೇರೆ ಮಾಡಿ ದೊಡ್ಡದು ಮಾಡಿಸಿಕೊಂಡು ಬರುತ್ತೇನೆ, ಖರ್ಚಿನ ಚಿಂತೆ ಬೇಡ ಎಂದು ಅಪ್ಪ ಎದ್ದು ನಿಂತ. ಅಕ್ಕ ಬಿಡಲಿಲ್ಲ.

"ನಾ ಕೇಳಿದ್ದು ಅವ್ವನ ಕೂಡ ಅಂತ. ಕೂಡೇ ಇರ್ಲಿ ಬಿಡಪಾ," ಎಂದಳು.

ಮಾಲೆಯನ್ನು ಅವ್ವನ ಕಡೆಗಷ್ಟೇ ಬರುವಂತೆ ಓರೆಯಾಗಿ ಹಾಕಿದೆವು. ಮಾತನಾಡಿಸಲು ಬಂದವರು ಆ ಫೋಟೋದ ಮುಂದೆ ಯಾವ ಮುಖ ಮಾಡಬೇಕೆಂದು ತಿಳಿಯದೆ ನಿಲ್ಲುತ್ತಿದ್ದರು. ಅಳುತ್ತ ಬಂದ ನಮ್ಮ ಸೋದರತ್ತೆ ಅದನ್ನು ನೋಡುತ್ತ ನೋಡುತ್ತ ನಕ್ಕೇಬಿಟ್ಟಳು. ಆಗ ನಾವೂ ನಕ್ಕೆವು, ಅಪ್ಪನೊಬ್ಬನನ್ನು ಬಿಟ್ಟು.