ಲೋಬೊ ಸರ್ ಕೇಳಿದ ಎರಡು ನಿಮಿಷ

ಕ್ಷಮಿಸುವ ಕೆಲಸವನ್ನು ಲೋಬೊ ಸರ್ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲೇ ಮುಗಿಸಿ ಬರುತ್ತಿದ್ದರು. ಉಳಿದ ದಿನ ಅವರ ಬಳಿ ಅದು ಸಿಗುತ್ತಿರಲಿಲ್ಲ. ಗಲ್ಫಿನ ಅಲ್ ಕುಸೈಸ್‌ನ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ, ಡಿಬೇಟ್ ಕ್ಲಬ್ ನಡೆಸುತ್ತಿದ್ದ ಈ ಮಂಗಳೂರಿನವರಿಗೆ ಇಂಗ್ಲೆಂಡಿನ ಅಂತರ್ಯುದ್ಧವೆಂದರೆ ನಿನ್ನೆ ಪಕ್ಕದ ಫ್ಲಾಟಿನಲ್ಲಿ ನಡೆದ ಜಗಳ. ರಾಜನ ತಲೆ ಕಡಿದದ್ದು ಸರಿಯೆಂದು ಬರೆದ ಕವಿಯನ್ನೂ, ಆಳುವವನಿಲ್ಲದಿದ್ದರೆ ಮನುಷ್ಯರು ಕಚ್ಚಾಡಿ ಸಾಯುತ್ತಾರೆಂದು ಹೆದರಿದ ತತ್ತ್ವಜ್ಞಾನಿಯನ್ನೂ ನಮ್ಮ ಬಾಯಿಂದ ಕಾದಾಡಿಸುತ್ತಿದ್ದರು. ಜೊತೆಗೊಂದು ನಿಯಮ: ನಿನ್ನ ವಾದ ಮುಗಿದೊಡನೆ ಎದುರಾಳಿಯ ಪರವಾಗಿ ಎರಡು ನಿಮಿಷ, ಅಷ್ಟೇ ಕೆಚ್ಚಿನಿಂದ.

"ಅವನದ್ದು ಗೊತ್ತಿಲ್ಲದವಳಿಗೆ ನಿನ್ನದು ಎಂತ ಗೊತ್ತುಂಟು ಮಾರಾಯ್ತಿ?"

ನಾನು ತಂಡದ ನಾಯಕಿ. ಅಬುಧಾಬಿಯ ಫೈನಲ್‌ಗಾಗಿ 'ರಾಜನ ವಧೆ ನ್ಯಾಯವೇ?' ಎಂದು ಅಭ್ಯಾಸ ನಡೆಸಿದ್ದಾಗ ವೈಸ್ ಪ್ರಿನ್ಸಿಪಾಲ್ ಒಳಬಂದು ಬೋರ್ಡು ಓದಿ ಬೆವೆತರು.

"ದೊರೆಗಳು ಆಳೋ ದೇಶದಲ್ಲಿ ಕೂತು ಯಾರ ತಲೆ ಕಡೀತಿದ್ದೀರಿ ಲೋಬೊ? ಖಲಾಸ್! ಕ್ಲಬ್ ಬಂದ್."

"ಸರ್, ಆ ರಾಜ ಸತ್ತು ಮುನ್ನೂರೈವತ್ತು ವರ್ಷ ದಾಟಿದೆ" ಎಂದೆ.

"ನೀನು ಕೂತ್ಕೋ."

ನಮ್ಮ ಫೈನಲ್‌ಗೆ ಬೇರೆ ಶಾಲೆ ಹೋಯಿತು. ವೈಸ್ ಪ್ರಿನ್ಸಿಪಾಲನ ಕಾರಿನ ಟೈರಿನ ಗಾಳಿ ಬಿಡುತ್ತೇನೆಂದು ನಾನು ಹೊರಟರೆ ಸರ್ ತಡೆದರು. "ಆ ರಾಜನ ಮಗ ಗದ್ದುಗೆಗೆ ಬಂದದ್ದೇ, ಅಪ್ಪನನ್ನು ಕೊಲ್ಲಿಸಿದವನ ಹೆಣ ಅಗೆದು ನೇಣಿಗೆ ಹಾಕಿದ್ರು. ಹೆಣಕ್ಕೆ ನಾಚಿಕೆ ಆಗ್ತದಾ? ನಿನ್ನ ಟೈರೂ ಹಾಗೇ. ಸೇಡು ಜೀವ ಇದ್ದವನಿಗೆ, ನಾಲ್ಕು ಜನರ ಎದುರು."

ವಾರ್ಷಿಕೋತ್ಸವದಲ್ಲಿ ವೈಸ್ ಪ್ರಿನ್ಸಿಪಾಲ್ ಶಿಸ್ತಿನ ಬಗ್ಗೆ ಭಾಷಣ ಮಾಡಿ, ಪ್ರಶ್ನೆಗಳಿದ್ದರೆ ಕೇಳಿ ಎಂದರು. ಮೈಕ್ ಹಿಡಿದೆ.

"ಸರ್, ಈಗ ಇದಕ್ಕೆ ವಿರುದ್ಧವಾಗಿ ಎರಡು ನಿಮಿಷ ಮಾತಾಡಿ. ನಮ್ಮ ಕ್ಲಬ್ಬಿನಲ್ಲಿ ಆರನೇ ಕ್ಲಾಸಿನವರೂ ಮಾತಾಡುತ್ತಿದ್ದರು."

"ಅಂದರೆ... ಶಿಸ್ತು ಅಂದರೆ..." ಬಾಯಿ ತೆರೆಯಿತು, ಮುಚ್ಚಿತು. ಪೋಷಕರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಸಭಾಂಗಣದ ಕೊನೆಯವರೆಗೂ ಹೋಯಿತು.

ಇದು ಯಾರ ತರಬೇತಿ ಎಂದು ಆತನಿಗೆ ಯಾರೂ ಹೇಳಬೇಕಿರಲಿಲ್ಲ. ಆ ವರ್ಷ ಸರ್ ಅವರ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ವೀಸಾ ಕ್ಯಾನ್ಸಲ್.

ಕಡೆಯ ಸಲ ಸಿಕ್ಕಿದ್ದು ಅವರ ಕಟ್ಟಡದ ಕೆಳಗೆ, ಟ್ಯಾಕ್ಸಿಗೆ ಪೆಟ್ಟಿಗೆ ಏರಿಸುತ್ತಿದ್ದಾಗ. "ನಾನು ಹಿಂದೆ ಕೂತಿದ್ದೆ, ಸರೀ ಕಾಣ್ಲಿಲ್ಲ. ಅವನ ಮುಖ ಹೇಗಿತ್ತು? ಮಾಡಿ ತೋರ್ಸು."

ಮಾಡಿ ತೋರಿಸಿದೆ. ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಆಮೇಲೆ ಗಂಭೀರವಾಗಿ, "ಹ್ಞಾಂ. ಈಗ ಅವನ ಪರವಾಗಿ ಎರಡು ನಿಮಿಷ."

"ನಿಮ್ಮನ್ನು ಓಡಿಸಿದವನ ಪರವಾಗಿಯಾ?"

"ನಿಯಮ ಅಂದ್ರೆ ನಿಯಮ ಮಾರಾಯ್ತಿ."

ಡ್ರೈವರ್ "ಯಲ್ಲಾ" ಎಂದು ಅವಸರ ಮಾಡಿದ. ಸರ್ ಕಿಟಕಿಯಿಂದ ಕೈ ಹೊರಹಾಕಿ, ವಾಚನ್ನು ಬೆರಳಿಂದ ತಟ್ಟಿ ತೋರಿಸುತ್ತಲೇ ಹೋದರು.

ಈಗ ಜುಮೇರಾ ಲೇಕ್ ಟವರ್ಸ್‌ನ ಆಫೀಸೊಂದರಲ್ಲಿ ಯಾರ ಪರವಾಗಿ ಬೇಕಾದರೂ ಮಾತಾಡಿ ಸಂಬಳ ಪಡೆಯುತ್ತೇನೆ. ಆ ಎರಡು ನಿಮಿಷ ಮಾತ್ರ ಮಾತಾಡಿಲ್ಲ. ಮಾತಾಡುವುದೂ ಇಲ್ಲ.